ಗೊರಿಲ್ಲಾ ಬೆಟ್ಟಕ್ಕೆ ಮದರಾಸಿನ ನಶ್ಯ

ನಂಬಬೇಡಿ ಅಂತ ನಾನೇ ಹೇಳುತ್ತಿದ್ದೇನೆ. ನಂಬದೆ ಇರುವುದಕ್ಕೆ ನಿಮ್ಮ ಕೈಯಲ್ಲಿ ಆಗುತ್ತದೋ ನೋಡೋಣ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಮಂಡಿಗೆ ಪಟ್ಟಿ ಸುತ್ತಿಕೊಂಡ ಹೆಂಡತಿಯ ಜೊತೆ ಆಫ್ರಿಕಾಕ್ಕೆ ಹೋಗಿ ಮರದ ಮೇಲೆ ಮಲಗಿದ್ದ ಸಿಂಹವನ್ನು ನೋಡಿ ಬಂದೆ. ಪುಳಿಯೋಗರೆ ಗೊಜ್ಜಿನ ಬಾಟಲಿಯ ಮುಚ್ಚಳವನ್ನು ಮನುಷ್ಯರ ಹಾಗೆ ತಿರುಗಿಸಿ ತೆಗೆದ ಬಬೂನ್ ಕೋತಿಯನ್ನು ನೋಡಿದೆ. ಅರಣ್ಯ ಇಲಾಖೆಯ ಅಧಿಕಾರಿಯೊಬ್ಬಳ ಮೂಗಿಗೆ ಮದರಾಸಿನ ನಶ್ಯ ಏರಿಸಿದೆ. ಇದೆಲ್ಲ ಬುರುಡೆ ಎನ್ನುವವರು ನುಂಗಂಬಾಕ್ಕಂನ ನಮ್ಮ ಮನೆಗೆ ಬರಲಿ. ಫೋಟೋ ತೋರಿಸುತ್ತೇನೆ, ಕಾಫಿಯನ್ನೂ ಕೊಡುತ್ತೇನೆ. ಕಾಫಿಗೆ ಸಕ್ಕರೆ ಹಾಕಿದ್ದೇನೋ ಉಪ್ಪು ಹಾಕಿದ್ದೇನೋ ಎನ್ನುವುದು ಮಾತ್ರ ಕುಡಿದ ಮೇಲೇ ಗೊತ್ತಾಗುವುದು.

ನುಂಗಂಬಾಕ್ಕಂ

ಈ ಪ್ರವಾಸ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ನನ್ನ ತಲೆ ಎದುರುಮನೆಯವರ ಕಾಲಿಂಗ್ ಬೆಲ್ ಒತ್ತಿ ಓಡುವ ಮಟ್ಟದ್ದು. ಇದು ಪದ್ಮಾಳ ಕೆಲಸ. ಪದ್ಮಾ ನನ್ನ ಹೆಂಡತಿ. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಕ್ಲೇಮ್ ಫೈಲು ನೋಡಿದವಳು. ಅವಳ ಕಚೇರಿಯ ಗೋಡೆಗೆ ಒಂದು ವರ್ಷ ಬಂದ ಕ್ಯಾಲೆಂಡರಿನಲ್ಲಿ ಆಗಸ್ಟ್ ತಿಂಗಳಿಗೆ ಒಂದು ತಾಯಿ ಗೊರಿಲ್ಲಾದ ಚಿತ್ರ ಇತ್ತು. ಆಗಸ್ಟ್ ಮುಗಿಯಿತು, ಪದ್ಮಾ ಹಾಳೆ ತಿರುಗಿಸಲಿಲ್ಲ. ದೀಪಾವಳಿ ಹತ್ತಿರ ಬಂದಾಗ ಮ್ಯಾನೇಜರು ಗೊಣಗಿದ ಮೇಲೆ ಆ ಹಾಳೆಯನ್ನು ಹರಿದು ಮನೆಗೆ ತಂದು ಬೀರುವಿನ ಬಾಗಿಲ ಒಳಗಡೆ ಅಂಟಿಸಿದಳು. ಅಲ್ಲಿಂದ ಇಲ್ಲಿಯವರೆಗೆ, ಸೀರೆ ತೆಗೆಯುವಾಗಲೆಲ್ಲ ಅವಳು ಮೊದಲು ನೋಡುವುದು ಆ ಮುಖವನ್ನು. ನನ್ನ ಮುಖಕ್ಕೆ ಸರದಿ ಆಮೇಲೆ.

ಹೋದ ವರ್ಷ ಮಂಡಿ ಡಾಕ್ಟರು ಅವಳಿಗೆ, ಇನ್ನೊಂದು ವರ್ಷದೊಳಗೆ ಆಪರೇಷನ್ ಮಾಡಲೇಬೇಕು, ಆಮೇಲೆ ಬೆಟ್ಟಗಿಟ್ಟ ಹತ್ತುವ ಮಾತೇ ಬೇಡ ಎಂದರು. ಮನೆಗೆ ಬಂದು ಕಾಫಿ ಲೋಟ ಕೆಳಗಿಟ್ಟು ಪದ್ಮಾ ಹೇಳಿದಳು.

"ರೀ, ಹತ್ತೋದಾದ್ರೆ ಈಗ್ಲೇ ಹತ್ಬೇಕು."

"ಏನನ್ನ? ಮೊಟ್ಟೆಮಾಡೀನಾ?" ಮೊಟ್ಟೆಮಾಡಿ ಎಂದರೆ ನಮ್ಮ ಮದರಾಸಿನವರ ಬಾಯಲ್ಲಿ ಮನೆಯ ತಾರಸಿ.

"ಚುಮ್ಮಾ ಇರ್ರಿ. ಗೊರಿಲ್ಲಾ ಬೆಟ್ಟ."

ಮಾರನೆಯ ದಿನವೇ ಒಂದು ಫೈಲು ಹುಟ್ಟಿತು. ಸಫಾರಿಯನ್ನೂ ಗೊರಿಲ್ಲಾವನ್ನೂ ಒಂದೇ ಪ್ರವಾಸಕ್ಕೆ ಸೇರಿಸುವುದು ಎಂದರೆ ತಿರುಪತಿ ಹೋಗುವಾಗ ದಾರಿಯಲ್ಲಿ ತಿರುತ್ತಣಿ ನೋಡುವ ಹಾಗೆ ಎಂದು ನಾನು ತಿಳಿದಿದ್ದೆ. ಅಲ್ಲ. ಸಿಂಹಕ್ಕೆ ಯಾವತ್ತು ಹೋದರೂ ನಡೆಯುತ್ತದೆ. ಗೊರಿಲ್ಲಾಕ್ಕೆ ಪರ್ಮಿಟ್ ಬೇಕು. ಒಂದು ಪರ್ಮಿಟ್ಟಿಗೆ ಒಂದೇ ಹೆಸರು, ಒಂದೇ ದಿನ. ಎಂಟು ಜನರ ಗುಂಪು ಒಂದು ಗೊರಿಲ್ಲಾ ಕುಟುಂಬದ ಮುಂದೆ ನಿಲ್ಲುವುದು ಒಂದೇ ಗಂಟೆ. ಆದ್ದರಿಂದ ಮೊದಲು ಪರ್ಮಿಟ್ ಹಿಡಿದು, ಆಮೇಲೆ ಸಿಂಹ, ಆನೆ, ನೀರುಕುದುರೆಗಳನ್ನು ಅದರ ಸುತ್ತ ಪೋಣಿಸಬೇಕು. ಪದ್ಮಾಗೆ ಗೊರಿಲ್ಲಾ ಮೊದಲು ಬೇಕಿತ್ತು. "ಮೊದ್ಲೇ ಹತ್ಬಿಟ್ರೆ ಅಪ್ಪುರಂ ಕಾಲು ಬಿದ್ದೋದ್ರೂ ಪರ್ವಾಗಿಲ್ಲ, ಕಾರಲ್ಲಿ ಕೂತು ಸಿಂಹ ನೋಡ್ಬೋದು." ಆದರೆ ಸಿಕ್ಕ ಪರ್ಮಿಟ್ ಪ್ರವಾಸದ ಕೊನೆಯ ದಿನದ್ದು. ತಪ್ಪಿದರೆ ತಪ್ಪಿತು. ಮಾರನೆಯ ದಿನ ಎನ್ನುವುದೇ ಇಲ್ಲ.

ಫೈಲಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ನಿಯಮ ಬರೆದಿಟ್ಟಳು. ನೆಗಡಿ, ಕೆಮ್ಮು ಇದ್ದವರನ್ನು ಬೆಟ್ಟಕ್ಕೆ ಬಿಡುವುದಿಲ್ಲ. ನಮ್ಮ ನೆಗಡಿ ಗೊರಿಲ್ಲಾಗಳಿಗೆ ಅಂಟುತ್ತದೆ. ನಮಗೆ ಮೂರು ದಿನದ ತೊಂದರೆ, ಅವಕ್ಕೆ ಪ್ರಾಣಕ್ಕೇ ಬರುತ್ತದೆ. ಸರಿ, ಮನೆಯಲ್ಲಿ ಐಸ್‌ಕ್ರೀಮು ನಿಂತಿತು. ರಾತ್ರಿಯ ಮೊಸರನ್ನ ನಿಂತಿತು. ವಾರಕ್ಕೆ ಐದು ದಿನ ಮೆಣಸಿನ ಸಾರು. ಬೆಳಿಗ್ಗೆ ಊರಂಚಿನ ಪರಂಗಿಮಲೆ ಗುಡ್ಡಕ್ಕೆ ಹೋಗಿ ಪದ್ಮಾ ಅಲ್ಲಿಯ ಮೆಟ್ಟಿಲುಗಳನ್ನು ಹತ್ತಿ ಇಳಿದು ಹತ್ತಿ ಅಭ್ಯಾಸ ಮಾಡುವಳು. ನಾನು ಕೆಳಗೆ ಎಳನೀರಿನವನ ಹತ್ತಿರ ಕೂತು ಲೆಕ್ಕ ತಪ್ಪಿಸುವೆ. ಅವಳು ನಾಲ್ಕು ಸಲ ಹತ್ತಿದರೆ "ಮೂರೇ ಆಗಿದ್ದು" ಎನ್ನುವುದು. ಪಾಪ, ಇನ್ನೊಮ್ಮೆ ಹತ್ತುವಳು.

ಇನ್ನು ನನ್ನ ನಶ್ಯ. ಮಣಲಿಯ ಪೆಟ್ರೋಲಿಯಂ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಸುರಕ್ಷತಾ ವಿಭಾಗದಲ್ಲಿದ್ದೆ. ಅಲ್ಲಿಯ ಗಾಳಿಯ ವಾಸನೆ ತಡೆಯಲು ಹಿಡಿದ ಚಟ. ಈಗ ವಾಸನೆ ಇಲ್ಲ, ಚಟ ಇದೆ.

"ಆ ಡಬ್ಬಿ ಇಲ್ಲೇ ಬಿಟ್ಬನ್ನಿ," ಎಂದಳು ಪದ್ಮಾ.

"ಬಿಟ್ಟೆ," ಎಂದೆ. ಬೂಟಿನ ಕಾಲುಚೀಲದೊಳಗೆ ಬಿಟ್ಟೆ.

ಭೂಮಧ್ಯ ರೇಖೆ

ಉಗಾಂಡಾದಲ್ಲಿ ನಮ್ಮನ್ನು ಕಾರಿನಲ್ಲಿ ಸುತ್ತಿಸಿದವನು ಮೋಸೆಸ್. ನಲವತ್ತರ ಹತ್ತಿರದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಗಾಡಿ ಓಡಿಸುತ್ತಲೇ ಅರ್ಧ ಮೈಲಿ ಆಚೆಯ ಹಕ್ಕಿಯ ಹೆಸರು ಹೇಳುವವನು. ನನ್ನನ್ನು "ಮ್ಜೇ" ಎಂದು ಕರೆಯುತ್ತಿದ್ದ. ಅಲ್ಲಿ ಹಿರಿಯರನ್ನು ಗೌರವದಿಂದ ಹಾಗೆ ಕರೆಯುತ್ತಾರಂತೆ. ಈ ಗೌರವ ಎಷ್ಟು ದಿನ ಬಾಳುತ್ತದೋ ನೋಡೋಣ ಎಂದುಕೊಂಡೆ.

ಆ ಊರಿನವರ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಯಾರಾದರೂ ಎದುರು ಸಿಕ್ಕರೆ ನೇರವಾಗಿ ವಿಷಯಕ್ಕೆ ಬರುವುದಿಲ್ಲ. ರಾತ್ರಿ ಹೇಗೆ ಕಳೆಯಿತು, ಮನೆಯವರು ಹೇಗಿದ್ದಾರೆ ಎಲ್ಲ ವಿಚಾರಿಸಿ, ಕೊನೆಗೆ "ನೀವು ಮಾಡುತ್ತಿರುವ ಕೆಲಸಕ್ಕೆ ಶಹಭಾಸ್" ಎನ್ನುತ್ತಾರೆ. ರಸ್ತೆ ಗುಡಿಸುವವಳಿಗೂ ಹೇಳುತ್ತಾರೆ, ಬಾಳೆಗೊನೆ ಹೊತ್ತ ಸೈಕಲ್ಲಿನವನಿಗೂ ಹೇಳುತ್ತಾರೆ. ಸುಮ್ಮನೆ ಕಲ್ಲಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದ ನನಗೂ ಒಬ್ಬ ಮುದುಕಿ ಹೇಳಿ ಹೋದಳು. ಮಣಲಿಯಲ್ಲಿ ಮೂವತ್ತೆರಡು ವರ್ಷದಲ್ಲಿ ಒಬ್ಬನೂ ಹೇಳಿರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಈ ಕುಶಲ ಪ್ರಶ್ನೆ ಕಾಲು ಗಂಟೆ ನಡೆಯಿತು. ನಮ್ಮ ಮೌಂಟ್ ರೋಡಿನಲ್ಲಿ ಹೀಗೆ ನಿಂತರೆ ಹಿಂದಿನ ಆಟೋದವನು ನಮ್ಮ ಏಳು ತಲೆಮಾರಿನ ಕುಶಲವನ್ನೂ ವಿಚಾರಿಸಿಬಿಡುತ್ತಾನೆ, ಬೇರೆ ಶಬ್ದಗಳಲ್ಲಿ.

ಮೋಸೆಸ್ ಕೇಳಿದ, "ಮ್ಜೇ, ನೀವು ಏನು ಕೆಲಸದಲ್ಲಿದ್ದಿರಿ?"

"ಹುಲಿಗಳಿಗೆ ತರಬೇತಿ ಕೊಡುತ್ತಿದ್ದೆ," ಎಂದೆ.

ಅವನು ಬ್ರೇಕ್ ಹಾಕಿ ಹಿಂತಿರುಗಿ ನನ್ನ ಕೈಗಳನ್ನು ನೋಡಿದ. ಗ್ಯಾಸ್ ಒಲೆಯಿಂದಾದ ಗಾಯದ ಗುರುತು ತೋರಿಸಿದೆ. ನಂಬಿದ. ಅದೇ ಹುಮ್ಮಸ್ಸಿನಲ್ಲಿ, ನಮ್ಮಲ್ಲಿ ದೇವಸ್ಥಾನದ ಆನೆ ಸೊಂಡಿಲನ್ನು ತಲೆಯ ಮೇಲಿಟ್ಟು ಆಶೀರ್ವಾದ ಮಾಡುತ್ತದೆ ಎಂದೆ. ಅದು ನಿಜ. ಅದನ್ನು ನಂಬಲಿಲ್ಲ! ಹೊಟ್ಟೆ ಹಿಡಿದುಕೊಂಡು ನಕ್ಕ. ಅವತ್ತಿನಿಂದ ನಾನು ಹೇಳಿದ ಯಾವ ಮಾತನ್ನೂ ಅವನು ತಕ್ಕಡಿಯಲ್ಲಿ ಹಾಕದೆ ಒಳಗೆ ಬಿಟ್ಟುಕೊಳ್ಳಲಿಲ್ಲ.

"ಪಾವಂ ಅವ್ನು," ಎಂದಳು ಪದ್ಮಾ. "ಒಂದಿನ ನೀವು ನಿಜ ಹೇಳ್ಬೇಕಾಗಿ ಬಂದ್ರೆ ಏನ್ಮಾಡ್ತೀರಿ?"

"ಬರಲ್ಲ ಬಿಡೆ."

ಭೂಮಧ್ಯ ರೇಖೆ ಹಾದುಹೋಗುವ ಜಾಗದಲ್ಲಿ ರಸ್ತೆಯ ಮೇಲೆ ಒಂದು ಗೆರೆ ಎಳೆದಿದ್ದಾರೆ. ಅಲ್ಲೊಬ್ಬ ಮೂರು ಬೋಗುಣಿ ಇಟ್ಟುಕೊಂಡು ನಿಂತಿದ್ದ. ನೀರಿನಲ್ಲಿ ಒಂದು ಹೂವು ಬಿಟ್ಟು, ತಳದ ತೂತು ತೆಗೆದರೆ, ಗೆರೆಯ ಉತ್ತರಕ್ಕೆ ಹೂವು ಒಂದು ಕಡೆ ಸುತ್ತುತ್ತದೆ, ದಕ್ಷಿಣಕ್ಕೆ ಇನ್ನೊಂದು ಕಡೆ, ಗೆರೆಯ ಮೇಲೆ ಸುತ್ತದೆ ನೇರ ಇಳಿಯುತ್ತದೆ. ಸುತ್ತ ನಿಂತಿದ್ದವರೆಲ್ಲ ಬಾಯಿ ಬಿಟ್ಟರು. ನಾನು ಬೋಗುಣಿ ನೋಡಲಿಲ್ಲ, ಅವನ ಮಣಿಕಟ್ಟು ನೋಡಿದೆ. ನೀರು ಸುರಿಯುವಾಗ ಉತ್ತರದಲ್ಲಿ ಒಂದು ಬದಿಯಿಂದ, ದಕ್ಷಿಣದಲ್ಲಿ ಇನ್ನೊಂದು ಬದಿಯಿಂದ ಸುರಿಯುತ್ತಿದ್ದ. ಭೂಮಿಯಲ್ಲ, ಅವನ ಕೈ ತಿರುಗಿಸುತ್ತಿದ್ದದ್ದು. ಎಲ್ಲರೂ ಹೋದ ಮೇಲೆ ಹತ್ತಿರ ಹೋಗಿ, ಕೈಸನ್ನೆಯಲ್ಲಿ ಆ ಸುರಿಯುವ ವರಸೆಯನ್ನು ಮಾಡಿ ತೋರಿಸಿ ಕಣ್ಣು ಹೊಡೆದೆ. ಅವನೂ ಕಣ್ಣು ಹೊಡೆದು ನನ್ನ ಕೈ ಕುಲುಕಿದ. ಬಹಳ ಹೊತ್ತು ಬಿಡಲಿಲ್ಲ.

"ನಿಮ್ಮ ತಮ್ಮನಾ?" ಎಂದು ಕೇಳಿದಳು ಪದ್ಮಾ.

ಇಶಾಶಾ

ಇಶಾಶಾ ಎನ್ನುವುದು ಹುಲ್ಲುಗಾವಲು. ಅಲ್ಲಿಯ ಸಿಂಹಗಳು ಅತ್ತಿಮರ ಹತ್ತುತ್ತವೆ. ಯಾಕೆ ಎಂದು ಕೇಳಿದರೆ ಒಬ್ಬರು ಸೆಕೆ ಎನ್ನುತ್ತಾರೆ, ಇನ್ನೊಬ್ಬರು ನೊಣದ ಕಾಟ ಎನ್ನುತ್ತಾರೆ. ಸಿಂಹವನ್ನು ಯಾರೂ ಕೇಳಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಮೋಸೆಸ್ ಗಾಡಿ ನಿಲ್ಲಿಸಿ ಮೇಲಕ್ಕೆ ತೋರಿಸಿದ. ನಾಲ್ಕು ಸಿಂಹಿಣಿಗಳು, ನಾಲ್ಕು ಕೊಂಬೆಗಳು. ಹೊಟ್ಟೆಯನ್ನು ಕೊಂಬೆಗೆ ಒತ್ತಿ, ನಾಲ್ಕೂ ಕಾಲುಗಳನ್ನು ಎರಡು ಕಡೆ ಇಳಿಬಿಟ್ಟು ಮಲಗಿದ್ದವು. ಬೆಂಗಳೂರು ಮೇಲ್ ರೈಲಿನ ಅಪ್ಪರ್ ಬರ್ತಿನಲ್ಲಿ ಮಲಗಿ, ಕೆಳಗಿನವರ ಮೂಗಿನ ಮುಂದೆ ಕಾಲು ತೂಗಾಡಿಸುವ ಪ್ರಯಾಣಿಕರ ಹಾಗೆ. ಒಂದರ ಬಾಲ ಗಡಿಯಾರದ ಲೋಲಕದಂತೆ ಆಡುತ್ತಿತ್ತು. ನನಗೆ ಎಳೆಯಬೇಕು ಎನ್ನಿಸಿತು. ನನ್ನ ಮುಖ ನೋಡಿದ ಪದ್ಮಾ ಗಾಜು ಏರಿಸಿದಳು.

"ಮೊಟ್ಟೆಮಾಡಿಲಿ ಸೀರೆ ಒಣಹಾಕಿದ ಹಾಗಿದೆ," ಎಂದಳು ಮೆಲ್ಲಗೆ. "ಕ್ಲಿಪ್ಪು ಒಂದೇ ಇಲ್ಲ."

ಮೋಸೆಸ್ ನನ್ನ ಕಡೆ ತಿರುಗಿ, ತೀರಾ ವಿನಯದಿಂದ, "ಮ್ಜೇ, ನಿಮ್ಮ ಹುಲಿಗಳಿಗೆ ಮರ ಹತ್ತುವುದು ಕಲಿಸಿದ್ದಿರಾ?" ಎಂದ. ಧ್ವನಿಯಲ್ಲಿ ಏನೋ ಇತ್ತು. ಸಂಜೆ ಗೊತ್ತಾಯಿತು, ನಾನು ಯಾರೆಂದು ಅವನು ಪದ್ಮಾಳನ್ನು ಕೇಳಿ ತಿಳಿದುಕೊಂಡಿದ್ದ. ಎರಡು ದಿನದಿಂದ ಅವನು ನನ್ನನ್ನು ಆಡಿಸುತ್ತಿದ್ದ, ನಾನು ಅವನನ್ನಲ್ಲ. ಇಂಥ ಅವಮಾನವನ್ನು ಜೀರ್ಣಿಸಿಕೊಳ್ಳುವ ಜಾತಿ ನಮ್ಮದಲ್ಲ.

ಅದೇ ಸಂಜೆ ಬಬೂನ್ ಪ್ರಕರಣ. ಊಟಕ್ಕೆ ಆ ಊರಿನ ಮಟೋಕೆ ತರಿಸಿದ್ದೆವು. ಬಾಳೆಕಾಯಿಯನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ ಹಿಸುಕಿ, ಮೇಲೆ ಕಡಲೆಕಾಯಿಯ ಗೊಜ್ಜು ಹಾಕಿಕೊಡುತ್ತಾರೆ. ನಮ್ಮಂಥ ಸಸ್ಯಾಹಾರಿಗಳಿಗೆ ಅದು ವರ. ಪದ್ಮಾ ಅದಕ್ಕೂ ತನ್ನ ಪುಳಿಯೋಗರೆ ಗೊಜ್ಜು ಕಲಸೋಣ ಎಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಗೋಡೆಯ ಮೇಲಿಂದ ಒಂದು ಗಂಡು ಬಬೂನ್ ಇಳಿದು ಬಂತು. ಅವಸರವಿಲ್ಲ. ಕುರ್ಚಿ ಹತ್ತಿತು, ಬಾಟಲಿ ಎತ್ತಿತು, ಮುಚ್ಚಳ ತಿರುಗಿಸಿತು, ಎರಡು ಬೆರಳು ಅದ್ದಿ ನೆಕ್ಕಿತು. ಕಣ್ಣು ಮುಚ್ಚಿ ಮುಖ ಹಿಂಡಿತು. ಆಮೇಲೆ ಬಾಟಲಿಯನ್ನು ಇದ್ದ ಜಾಗದಲ್ಲೇ ಇಟ್ಟು, ನಮ್ಮಿಬ್ಬರನ್ನೂ ಕನಿಕರದಿಂದ ನೋಡಿ ಹೋಯಿತು.

"ಹುಳಿ ಜಾಸ್ತಿ ಆಗಿದೆ ಅಂತ ನಾನು ಹೇಳ್ಲಿಲ್ವಾ?" ಎಂದೆ. ಪದ್ಮಾ ಬಾಟಲಿಯನ್ನು ಎತ್ತಿ, ನನ್ನ ಮುಖವನ್ನೇ ನೋಡುತ್ತಾ ಕಸದ ಬುಟ್ಟಿಗೆ ಹಾಕಿದಳು.

ಬೆಟ್ಟದ ಬುಡ

ಪರ್ಮಿಟ್ಟಿನ ದಿನ, ಗೊರಿಲ್ಲಾಗಳಿರುವ ಬ್ವಿಂಡಿ ಕಾಡಿನ ಬೆಟ್ಟದ ಬುಡದಲ್ಲಿ ಬೆಳಿಗ್ಗೆ ಎಂಟು ಗಂಟೆ. ಎಂಟು ಜನ ಸಾಲಾಗಿ ಬೆಂಚಿನ ಮೇಲೆ ಕೂತಿದ್ದೆವು, ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ಕೈಗವಸು ಹಾಕಿಕೊಂಡು. ಎದುರಿಗೆ ಹಸಿರು ಸಮವಸ್ತ್ರದಲ್ಲಿ ಬಿಯಾಟ್ರಿಸ್. ನಮ್ಮ ಗುಂಪನ್ನು ಮೇಲಕ್ಕೆ ಕರೆದೊಯ್ಯುವ ಅಧಿಕಾರಿ, ಸಣ್ಣ ಆಳು, ದೊಡ್ಡ ದನಿ. ದೂರ ನಿಲ್ಲಿ, ಕೈ ಎತ್ತಬೇಡಿ, ಗೊರಿಲ್ಲಾ ಓಡಿಬಂದರೆ ನೀವು ಓಡಬೇಡಿ, ಮಾಸ್ಕ್ ತೆಗೆಯಲೇಬೇಡಿ. ಇವೆಲ್ಲ ಪದ್ಮಾಗೆ ಬಾಯಿಪಾಠ. ಅವಳ ತುಟಿಗಳು ಬಿಯಾಟ್ರಿಸ್ ಜೊತೆ ಆಡುತ್ತಿದ್ದವು.

ನಾನು ಬೆಳಿಗ್ಗೆಯೇ ಒಂದು ಕೆಲಸ ಮುಗಿಸಿದ್ದೆ. ಮೋಸೆಸ್ ಮೇಲಿನ ಸೇಡು. ಒಂದು ಮಾಸ್ಕಿನ ಒಳಪದರಕ್ಕೆ ಚಿಟಿಕೆ ನಶ್ಯ ಸವರಿ, "ತಗೋ, ನೀನೂ ಹಾಕ್ಕೋ" ಎಂದು ಅವನಿಗೆ ಕೊಟ್ಟಿದ್ದೆ. ಅವನು ಬೆಟ್ಟ ಹತ್ತುವವನಲ್ಲ, ಕೆಳಗೆ ಗಾಡಿಯ ಹತ್ತಿರ ಇರುವವನು. ಸೀನಿದರೂ ಯಾರಿಗೂ ನಷ್ಟವಿಲ್ಲ ಎನ್ನುವುದು ನನ್ನ ಲೆಕ್ಕ.

ಮೋಸೆಸ್ ಮರ್ಯಾದಸ್ಥ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪದ್ಮಾಳ ಮಾಸ್ಕಿನ ದಾರ ಪಟ್ಟನೆ ಕಿತ್ತುಹೋಯಿತು. "ಮೇಡಂ, ನಾನು ಇದನ್ನು ಹಾಕಿಯೇ ಇಲ್ಲ," ಎಂದು ತನ್ನದನ್ನು ಕೊಟ್ಟುಬಿಟ್ಟ. ನಾನು ಬೂಟಿನ ದಾರ ಕಟ್ಟುತ್ತಾ ಬಗ್ಗಿದ್ದವನು ತಲೆ ಎತ್ತುವಷ್ಟರಲ್ಲಿ ಪದ್ಮಾ ಅದನ್ನು ಮೂಗಿಗೆ ಏರಿಸಿ ಜೋರಾಗಿ ಉಸಿರು ಎಳೆದಿದ್ದಳು.

ಮೊದಲ ಸೀನು. ಬಿಯಾಟ್ರಿಸ್ ಮಾತು ನಿಲ್ಲಿಸಿದಳು. ಎರಡನೆಯದು. ಪಕ್ಕದಲ್ಲಿ ಕೂತಿದ್ದವರು ಸರಿದು ಕೂತರು. ಮೂರು, ನಾಲ್ಕು, ಐದು. ಪದ್ಮಾಳ ಕಣ್ಣಲ್ಲಿ ನೀರು.

"ಮೇಡಂ, ನಿಮಗೆ ನೆಗಡಿ ಆಗಿದೆ," ಎಂದಳು ಬಿಯಾಟ್ರಿಸ್, ತುಂಬಾ ಮೃದುವಾಗಿ. "ಕ್ಷಮಿಸಿ. ನಿಮ್ಮನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ."

"ಇಲ್ಲ, ಇಲ್ಲ, ಇಲ್ಲ..." ಪದ್ಮಾಗೆ ಇಂಗ್ಲಿಷ್ ಮರೆತುಹೋಯಿತು. "ಆರು ತಿಂಗ್ಳಿಂದ ಮೊಸರು ತಿಂದಿಲ್ಲಮ್ಮಾ ನಾನು!"

ನಾನು ಎದ್ದು ನಿಂತೆ. "ಅದು ನೆಗಡಿ ಅಲ್ಲ. ನಶ್ಯ. ನಾನೇ ಮಾಸ್ಕಿಗೆ ಹಾಕಿದ್ದು, ಮೋಸೆಸ್‌ಗೆ ಅಂತ."

ಬಿಯಾಟ್ರಿಸ್ ಮೋಸೆಸ್ ಕಡೆ ನೋಡಿದಳು. ಮೋಸೆಸ್ ತಲೆ ತಗ್ಗಿಸಿ, ನೊಂದವನಂತೆ, "ಇವರು ಹುಲಿಗಳಿಗೆ ತರಬೇತಿ ಕೊಡುತ್ತಿದ್ದೆ ಎಂದೂ ಹೇಳಿದ್ದರು, ಮೇಡಂ," ಎಂದ.

ಎಂಥ ಮಾತು! ಜನ್ಮದಲ್ಲಿ ಮೊದಲ ಬಾರಿಗೆ ನಿಜ ಹೇಳುತ್ತಿದ್ದೇನೆ, ಒಬ್ಬರ ಮುಖದಲ್ಲೂ ನಂಬಿಕೆ ಇಲ್ಲ. ಬೆಂಚಿನ ತುದಿಯಲ್ಲಿದ್ದ ಎತ್ತರದ ಬಿಳಿಯನಂತೂ, ಹೆಂಡತಿಯನ್ನು ಉಳಿಸಲು ಮುದುಕ ಕಥೆ ಕಟ್ಟುತ್ತಿದ್ದಾನೆ ಎಂದು ಮರುಕದಿಂದ ನೋಡುತ್ತಿದ್ದ. ಪದ್ಮಾ ನನ್ನನ್ನು ನೋಡಲೇ ಇಲ್ಲ. ಬೆಟ್ಟವನ್ನೇ ನೋಡುತ್ತಿದ್ದಳು.

ಬೂಟು ಕಳಚಿ, ಕಾಲುಚೀಲದಿಂದ ಡಬ್ಬಿ ತೆಗೆದು ಬಿಯಾಟ್ರಿಸ್ ಕೈಗೆ ಕೊಟ್ಟೆ. "ನನ್ನನ್ನ ನಂಬಬೇಡಿ. ನಿಮ್ಮ ಮೂಗನ್ನ ನಂಬಿ."

ಅವಳು ಮುಚ್ಚಳ ತೆಗೆದಳು. ಅನುಮಾನದಿಂದ ಮೂಗು ಹತ್ತಿರ ತಂದಳು. ಆ ಕಾಡಿನಲ್ಲಿ ಅಂಥ ಸೀನು ಮೊಳಗಿದ್ದು ಅದೇ ಮೊದಲಿರಬೇಕು. ಟೊಪ್ಪಿಗೆ ಹಾರಿ ಬಿತ್ತು. ಆರು ಸೀನಿದಳು, ಕಣ್ಣೊರೆಸಿಕೊಂಡು ಏಳನೆಯದನ್ನು ಸೀನಿ ನಗಲು ಶುರುಮಾಡಿದಳು. ಎಲ್ಲರೂ ನಕ್ಕರು, ಪದ್ಮಾ ಒಬ್ಬಳನ್ನು ಬಿಟ್ಟು. ಪದ್ಮಾಳ ಮುಖ ತೊಳೆಸಿದರು, ಜ್ವರ ಇದೆಯೇ ಎಂದು ಹಣೆಗೆ ಯಂತ್ರ ಹಿಡಿದರು, ಹೊಸ ಮಾಸ್ಕ್ ಕೊಟ್ಟು ಅರ್ಧ ಗಂಟೆ ಕೂರಿಸಿದರು. ಬಿಯಾಟ್ರಿಸ್ ಕೂಡ ಮುಖ ತೊಳೆದು ಅವಳ ಪಕ್ಕದಲ್ಲೇ ಕೂತಳು. ಒಂದು ಸೀನೂ ಬರಲಿಲ್ಲ.

"ಸರಿ, ಹೊರಡೋಣ," ಎಂದಳು ಬಿಯಾಟ್ರಿಸ್.

ಬೆಟ್ಟದ ಮೇಲೆ

ಹೊರಟೆವು. ದಾರಿ ಎನ್ನುವಂಥದ್ದಿಲ್ಲ. ಮುಂದೆ ಒಬ್ಬ ಕತ್ತಿಯಿಂದ ಬಳ್ಳಿ ಕಡಿಯುತ್ತಾನೆ, ಅವನ ಹಿಂದೆ ನುಗ್ಗುವುದು. ನೆಲವೇ ಇಲ್ಲ, ಒಂದರ ಮೇಲೊಂದು ಬಿದ್ದ ಸೊಪ್ಪಿನ ಮೇಲೆ ಕಾಲಿಡಬೇಕು. ಪದ್ಮಾಗೆ ಇಬ್ಬರು ಪೋರ್ಟರುಗಳು, ಒಬ್ಬ ಮುಂದಿನಿಂದ ಕೈ ಹಿಡಿದು ಎಳೆಯುವವನು, ಇನ್ನೊಬ್ಬಳು ಹಿಂದಿನಿಂದ ತಳ್ಳುವವಳು. ತುರಿಕೆ ಸೊಪ್ಪು ಎರಡು ಪದರ ಬಟ್ಟೆ ದಾಟಿ ಕಡಿಯಿತು. ಮೂರು ಕಡೆ ಮಂಡಿ ಸೋತಿತು, ಮೂರು ಕಡೆಯೂ ಕೂತು ಎದ್ದದ್ದಾಯಿತು. ಎರಡು ಗಂಟೆ ಹೊತ್ತು ನಡೆದ ಮೇಲೆ ಬಿಯಾಟ್ರಿಸ್ ಕೈ ಎತ್ತಿದಳು. ಕೋಲು, ಚೀಲ ಎಲ್ಲ ಅಲ್ಲೇ ಬಿಟ್ಟು ಮಾಸ್ಕ್ ಏರಿಸಿದೆವು.

ಮೊದಲು ಬಂದದ್ದು ವಾಸನೆ. ಬೆವರಿಗೆ ಒದ್ದೆ ಹುಲ್ಲು ಬೆರೆಸಿದಂಥದ್ದು. ಆಮೇಲೆ ಶಬ್ದ, ಸೊಪ್ಪಿನ ದಂಟು ಸಿಗಿಯುವ ಶಬ್ದ, ನಾವು ಕಬ್ಬು ಸಿಗಿಯುವ ಹಾಗೆ. ಬಿಯಾಟ್ರಿಸ್ ಗಂಟಲಿನಲ್ಲಿ "ಹ್ಞೂಂ... ಹ್ಞೂಂ..." ಎಂದು ಸದ್ದು ಮಾಡಿದಳು, ನಾವು ಜಗಳಕ್ಕೆ ಬಂದವರಲ್ಲ ಎಂದು ಹೇಳುವ ರೀತಿ ಅದು. ಪೊದೆಯ ಆಚೆಯಿಂದಲೂ "ಹ್ಞೂಂ" ಎಂದಿತು.

ಬೆಳ್ಳಿ ಬೆನ್ನಿನ ಯಜಮಾನ ಒಂದು ಮರಕ್ಕೆ ಒರಗಿ ಕೂತಿದ್ದ. ಎರಡೂ ಕೈ ಹೊಟ್ಟೆಯ ಮೇಲೆ. ಪದ್ಮಾ ನನ್ನ ಕಿವಿಯಲ್ಲಿ, "ನಮ್ಮ ಮಾವ, ಶ್ರಾದ್ಧದ ಊಟ ಮುಗಿಸಿ ಕಂಬಕ್ಕೆ ಒರ್ಗಿ ಕೂತ ಹಾಗೇ," ಎಂದಳು. ಒಂದು ಮರಿ ಎದ್ದು ನಿಂತು, ನಮ್ಮನ್ನು ಹೆದರಿಸಲು ಎದೆ ತಟ್ಟಿಕೊಂಡಿತು. ತಟ್ಟಿದ ರಭಸಕ್ಕೆ ತಾನೇ ಹಿಂದಕ್ಕೆ ಬಿತ್ತು. ಯಾರೂ ನೋಡಲಿಲ್ಲವಲ್ಲ ಎಂಬಂತೆ ಸುತ್ತ ನೋಡಿ ಮತ್ತೆ ತಟ್ಟಿಕೊಂಡಿತು. ಎಲ್ಲ ಸೇರಿ ಹನ್ನೊಂದು ಇದ್ದವು.

ಕೊನೆಯಲ್ಲಿ ಒಂದು ಹೆಣ್ಣು, ಎದೆಗೆ ಅಂಗೈಯಗಲದ ಕೂಸನ್ನು ಒತ್ತಿಕೊಂಡು, ಪೊದೆಯಿಂದ ಹೊರಗೆ ಬಂದು ಕೂತಿತು. ಕೂಸಿನ ಕಿವಿಯ ಹಿಂದೆ ಏನನ್ನೋ ಹುಡುಕುತ್ತಿತ್ತು. ಹುಡುಕುತ್ತಾ ತಲೆ ಎತ್ತಿ ನನ್ನನ್ನೇ ನೋಡಿತು. ಕಂದು ಕಣ್ಣು. ಹೆದರಿಕೆಯಿಲ್ಲ, ಕುತೂಹಲವೂ ಹೆಚ್ಚಿಲ್ಲ. ನೀರು ಹಿಡಿಯುವ ಸಾಲಿನಲ್ಲಿ ಮುಂದೆ ನಿಂತ ಹೆಂಗಸು ಒಮ್ಮೆ ತಿರುಗಿ, ನೀನೂ ಬಂದೆಯಾ ಎಂದು ನೋಡುವಂಥ ನೋಟ. ಆಮೇಲೆ ತನ್ನ ಕೆಲಸಕ್ಕೆ ಹಿಂತಿರುಗಿತು. ಆ ಒಂದು ಗಂಟೆಯಲ್ಲಿ ನಾನು ಒಂದೇ ಒಂದು ತಮಾಷೆ ಮಾಡಲಿಲ್ಲ.

ಮತ್ತೆ ನುಂಗಂಬಾಕ್ಕಂ

ಇಲ್ಲಿಯವರೆಗೆ ಬರೆದು ಪದ್ಮಾಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ಕ್ಲೇಮ್ ಫೈಲು ಓದುವ ಹಾಗೆ ಓದಿದಳು. ಕೊನೆಯ ಪುಟದಲ್ಲಿ ನಿಂತಳು.

"ಏನ್ರೀ ಇದು? ಆ ಹೆಣ್ಣು ನಿಮ್ಮನ್ನ ನೋಡಿದ್ರೆ ಮುಖ ತಿರುಗಿಸ್ಕೊಂಡು ಎದ್ದೇ ಹೋಗಿರೋದು. ಪೋದುಂ, ಸಾಕು, ಸರಿಯಾಗಿ ಬರೀರಿ."

ಸರಿಯಾಗಿ ಬರೆಯುತ್ತೇನೆ. ನಾನು ಬೆಟ್ಟ ಹತ್ತಲಿಲ್ಲ.

"ಹೊರಡೋಣ" ಎಂದ ಮೇಲೆ ಬಿಯಾಟ್ರಿಸ್ ನನ್ನ ಕಡೆ ತಿರುಗಿ, ಎಷ್ಟು ವರ್ಷದಿಂದ ನಶ್ಯ ಎಂದು ಕೇಳಿದಳು. ನಲವತ್ತರ ಹತ್ತಿರ ಎಂದೆ. "ಹಾಗಾದರೆ ನಿಮ್ಮ ಮೂಗು ನಿಮ್ಮ ಮಾತು ಕೇಳುವುದಿಲ್ಲ, ಮ್ಜೇ. ಮೇಲೆ ಒಂದು ಸೀನು ಬಂದರೆ ಅದು ನಶ್ಯದ್ದೋ ನೆಗಡಿಯದೋ ನನಗೆ ಹೇಗೆ ಗೊತ್ತಾಗಬೇಕು?" ಎಂದಳು. ವಾದಿಸುವುದಕ್ಕೆ ಬಾಯಿ ತೆರೆದೆ. ಆದರೆ ಕಾರ್ಖಾನೆಯ ಗೇಟಿನಲ್ಲಿ ಜೇಬಿನಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡು ಬಂದವರನ್ನು, ಅವರು ಏನೇ ಹೇಳಿದರೂ, ಒಳಗೆ ಬಿಡದೆ ವಾಪಸು ಕಳಿಸಿದವನು ನಾನೇ. ಬಾಯಿ ಮುಚ್ಚಿದೆ.

"ನೀವು ಬರ್ಲಿಲ್ಲಾಂದ್ರೆ ನಾನೂ ಹೋಗಲ್ಲ," ಎಂದಳು ಪದ್ಮಾ. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

"ಹೋಗೇ. ನಾನು ಬಂದ್ರೆ ಆ ಯಜಮಾನನ ಬಾಲ ಹುಡುಕ್ತಾ ನಿಂತಿರ್ತೀನಿ. ಗೊರಿಲ್ಲಾಗೆ ಬಾಲ ಇರಲ್ಲ ಬೇರೆ."

ಹೋದಳು. ಮರಗಳ ಒಳಗೆ ಅವಳ ಹಳದಿ ಟೋಪಿ ಮರೆಯಾಗುವವರೆಗೆ ನಿಂತಿದ್ದೆ. ಆರು ಗಂಟೆ ಹೊತ್ತು ಅದೇ ಬೆಂಚಿನ ಮೇಲೆ, ನಶ್ಯವೂ ಇಲ್ಲದೆ ಕೂತಿದ್ದೆ. ಅವಳು ಇಳಿದು ಬಂದಾಗ ಮಂಡಿಯವರೆಗೆ ಕೆಸರು, ತಲೆಯಲ್ಲಿ ಎಲೆ. ನನ್ನ ಪಕ್ಕದಲ್ಲಿ ಕೂತು ಬೂಟು ಬಿಚ್ಚಿ ಕೆಸರು ಕೊಡವಿದಳು. ಆಮೇಲೆ ಮಾತು ಶುರುಮಾಡಿದವಳು ಕಾರಿನಲ್ಲಿ, ವಿಮಾನ ನಿಲ್ದಾಣದಲ್ಲಿ, ವಿಮಾನದಲ್ಲಿ, ಮೀನಂಬಾಕ್ಕಂನಿಂದ ಮನೆಗೆ ಬರುವ ಟ್ಯಾಕ್ಸಿಯಲ್ಲೂ ನಿಲ್ಲಿಸಲಿಲ್ಲ. ತುರಿಕೆ ಸೊಪ್ಪು, ವಾಸನೆ, ಮಾವನವರ ಹಾಗೆ ಕೂತ ಯಜಮಾನ, ಬಿದ್ದ ಮರಿ, ಆ ಕಂದು ಕಣ್ಣು, ಎಲ್ಲ ಅವಳು ಹೇಳಿದ್ದು. ಅದಕ್ಕೆ ನಾನು ಏನನ್ನೂ ಸೇರಿಸಿಲ್ಲ, ನನ್ನನ್ನು ಬಿಟ್ಟು.